ಹೊಸದಾಗಿ ಹಾಸಿದ ಅಡುಗೆಮನೆಯ ಕಲ್ಲುನೆಲ ಕೆಟ್ಟಂತೆ ಕಂಡರೆ: ಆ್ಯಸಿಡ್ ಮುಟ್ಟುವ ಮೊದಲು ಮಾಡಬೇಕಾದ ಕೆಲಸಗಳು

ಕಲ್ಲು ಹಾಸಿ ಮುಗಿಸಿ ಮೇಸ್ತ್ರಿ ಹೋಗಿ ಎರಡು ವಾರವಾಗಿದೆ. ನೆಲದ ಮೇಲೆ ಎಷ್ಟು ಒರೆಸಿದರೂ ಹೋಗದ ಬಿಳಿ ಮಬ್ಬು. ಕೆಲವು ಕಲ್ಲುಗಳ ಅಂಚು ಒದ್ದೆಯಾದ ಹಾಗೆ ಕಪ್ಪಗಿದೆ. ಸಿಂಕಿನ ಮುಂದಿನ ಕಲ್ಲಿನ ಮೇಲೆ ಹೆಜ್ಜೆಯಿಟ್ಟರೆ ಟೊಳ್ಳು ಸದ್ದು. ಓದುಗರು ಮತ್ತೆ ಮತ್ತೆ ಕೇಳುವುದು ಇವೇ ಪ್ರಶ್ನೆಗಳನ್ನು. ಬೇಸರದ ಸಂಗತಿ ಎಂದರೆ, ಕೇಳುವ ಹೊತ್ತಿಗೆ ಹಲವರು ಒಂದು ಬಾಟಲಿ ಆ್ಯಸಿಡ್ ಸುರಿದು ಉಜ್ಜಿ ಆಗಿರುತ್ತದೆ, ಇಲ್ಲವೇ ಹೊಳಪು ಬರಲೆಂದು ಸೀಲರ್ (ಕಲ್ಲಿಗೆ ಎಣ್ಣೆ, ನೀರು ಇಳಿಯದಂತೆ ತಡೆಯುವ ದ್ರಾವಣ) ಬಳಿದು ಆಗಿರುತ್ತದೆ.

ಹಾಸುವಾಗ ಆದ ತಪ್ಪುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಬಹುದು. ಆದರೆ ಆ್ಯಸಿಡ್ ತಿಂದ ಅಮೃತಶಿಲೆಯನ್ನು ಮತ್ತೆ ಯಂತ್ರ ಹಾಕಿ ಉಜ್ಜದೆ ಬೇರೆ ದಾರಿಯಿಲ್ಲ. ತೇವದ ಮೇಲೆ ಬಳಿದ ಸೀಲರ್ ತೆಗೆಯುವುದು ನೆಲ ಹಾಸುವುದಕ್ಕಿಂತ ಕಷ್ಟದ ಕೆಲಸ. ಆದ್ದರಿಂದ ಇಲ್ಲಿ ಹೇಳುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ಕಲ್ಲು ಯಾವುದೆಂದು ತಿಳಿಯುವುದು, ಆಮೇಲೆ ತೇವ, ಆಮೇಲೆ ಅಂಟು, ಆಮೇಲೆ ಸಂದು, ಆಮೇಲೆ ಮೇಲ್ಮೈ, ಕಟ್ಟಕಡೆಗೆ ಸೀಲರ್. ಈ ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಎರಡನೇ ಸಲ ಮಾಡಬೇಕಾಗುತ್ತದೆ.

ಕೈಗೆ ಸಿಗಬೇಕಾದ ವಸ್ತುಗಳು

ಎಲ್ಲಕ್ಕಿಂತ ಮುಖ್ಯವಾದದ್ದು, ಕತ್ತರಿಸಿ ಉಳಿದ ಕಲ್ಲಿನ ಒಂದು ತುಂಡು. ಎಸೆದಿದ್ದರೆ ಮೇಸ್ತ್ರಿಯನ್ನು ಕೇಳಿ ಒಂದನ್ನಾದರೂ ತರಿಸಿಕೊಳ್ಳಿ. ಯಾವ ರಾಸಾಯನಿಕವೂ ಆ ತುಂಡಿನ ಮೇಲೆ ಪರೀಕ್ಷೆಯಾಗದೆ ನೆಲಕ್ಕೆ ತಾಗಬಾರದು. ಇದರ ಜೊತೆಗೆ ಸ್ವಲ್ಪ ವಿನೆಗರ್ ಅಥವಾ ನಿಂಬೆರಸ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ, ಮರದ ಹಿಡಿಯಿರುವ ಸುತ್ತಿಗೆ, ಬಾಗದ ಉದ್ದನೆಯ ಪಟ್ಟಿ ಅಥವಾ ರಸಮಟ್ಟ, ಹಳೆಯ ಎಟಿಎಂ ಕಾರ್ಡ್ ಒಂದು, ನೈಲಾನ್ ಬ್ರಷ್, ಬಿಳಿ ಸ್ಕ್ರಬ್ ಪ್ಯಾಡ್, ಕಲ್ಲಿಗೆಂದೇ ಮಾರುವ ನ್ಯೂಟ್ರಲ್ ಸಾಬೂನು ದ್ರಾವಣ. ನ್ಯೂಟ್ರಲ್ ಎಂದರೆ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ, ಪಿಎಚ್ 7ರ ಆಸುಪಾಸಿನದು. ಹಸಿರು, ಕಂದು ಬಣ್ಣದ ಪ್ಯಾಡ್‌ಗಳು ಹೊಳಪಿನ ಕಲ್ಲಿಗೆ ಗೀರು ಹಾಕುತ್ತವೆ, ಬೇಡ.

ಅಂಟು ಮತ್ತು ಗ್ರೌಟ್ ಬಂದಿದ್ದ ಖಾಲಿ ಚೀಲಗಳು ಸಿಕ್ಕರೆ ಎತ್ತಿಡಿ. ಗ್ರೌಟ್ ಎಂದರೆ ಕಲ್ಲುಗಳ ನಡುವಿನ ಸಂದಿಗೆ ತುಂಬುವ ಮಸಾಲೆ. ಅದು ಸಿಮೆಂಟಿನದೋ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದ್ದೋ ಎಂಬುದು ಮುಂದೆ ಬೇಕಾಗುತ್ತದೆ.

ಹಂತ 1: ಕೈ ಕಟ್ಟಿ ನಿಲ್ಲಿ, ಗುರುತು ಹಾಕಿ

ಒಂದು ಹಾಳೆಯ ಮೇಲೆ ನೆಲದ ನಕ್ಷೆ ಬರೆದು ಪ್ರತಿ ಕಲ್ಲಿಗೂ ಸಂಖ್ಯೆ ಕೊಡಿ. ಎಲ್ಲಿ ಮಬ್ಬು, ಎಲ್ಲಿ ಕಪ್ಪು, ಎಲ್ಲಿ ಸದ್ದು, ಎಲ್ಲಿ ಬಿರುಕು ಎಂದು ಬರೆಯಿರಿ. ದಿನಾಂಕ ಹಾಕಿ ಫೋಟೋ ತೆಗೆಯಿರಿ. ಹಗಲಿನಲ್ಲಿ ಕಿಟಕಿಯ ಬೆಳಕು ಓರೆಯಾಗಿ ಬೀಳುವಾಗ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ. ವಾರಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಕಪ್ಪು ಅಂಚು ಕಿರಿದಾಗುತ್ತಿದೆಯೋ ಇಲ್ಲವೋ ಎಂಬುದು ನೆನಪಿನಿಂದ ಗೊತ್ತಾಗುವುದಿಲ್ಲ, ಫೋಟೋದಿಂದ ಗೊತ್ತಾಗುತ್ತದೆ. ಮೇಸ್ತ್ರಿ ಅಥವಾ ಗುತ್ತಿಗೆದಾರರ ಜೊತೆ ಮಾತನಾಡುವಾಗಲೂ ಇದೇ ನಿಮ್ಮ ಬಲ.

ಹಂತ 2: ಕಲ್ಲಿನ ಜಾತಿ ತಿಳಿಯಿರಿ

ಮಾರುವವರು ಹೇಳಿದ ಹೆಸರನ್ನು ನಂಬಬೇಡಿ. ಗ್ರಾನೈಟ್ ಎಂದು, ಕ್ವಾರ್ಟ್ಜೈಟ್ ಎಂದು ಮಾರುವ ಕಲ್ಲು ಅಮೃತಶಿಲೆಯ ಜಾತಿಯದೇ ಆಗಿರಬಹುದು. ತುಂಡುಕಲ್ಲಿನ ಮೇಲೆ ವಿನೆಗರ್ ಎರಡು ಹನಿ ಬಿಡಿ. ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣದ ಅಂಶದ ಕಲ್ಲು: ಅಮೃತಶಿಲೆ, ಸುಣ್ಣಕಲ್ಲು, ಟ್ರಾವರ್ಟೈನ್ ಇವೆಲ್ಲ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದೊಡನೆ ಕರಗುತ್ತವೆ, ಗುಳ್ಳೆಯಾಗಿ ಹೊರಬರುವುದು ಇಂಗಾಲದ ಡೈಆಕ್ಸೈಡ್. ಗುಳ್ಳೆ ಬರಲಿಲ್ಲವೆಂದು ಅಲ್ಲಿಗೇ ಬಿಡಬೇಡಿ. 10 ನಿಮಿಷದ ಮೇಲೆ ತೊಳೆದು, ಒಣಗಿಸಿ, ಓರೆಯಾಗಿ ಹಿಡಿದು ನೋಡಿ. ಹನಿ ಬಿದ್ದಲ್ಲಿ ಹೊಳಪು ಕಂದಿದ್ದರೆ ಅದೂ ಆ್ಯಸಿಡ್‌ಗೆ ಆಗದ ಕಲ್ಲೇ. ಗ್ರಾನೈಟ್ ಮತ್ತು ನಿಜವಾದ ಕ್ವಾರ್ಟ್ಜೈಟ್ ಈ ಪರೀಕ್ಷೆಯಲ್ಲಿ ಸುಮ್ಮನಿರುತ್ತವೆ. ಸ್ಲೇಟ್ ಮತ್ತು ಮರಳುಗಲ್ಲು ಎರಡೂ ಬಗೆಯಲ್ಲಿ ವರ್ತಿಸುವುದುಂಟು, ಅದಕ್ಕೇ ತುಂಡಿನ ಮೇಲೆ ನೋಡದೆ ಮುಂದೆ ಹೋಗಬಾರದು.

ಆಮೇಲೆ ನೆಲದ ಮೇಲೆಯೇ ಒಂದೆರಡು ಹನಿ ಬರೀ ನೀರು ಬಿಡಿ. ಕೆಲವೇ ನಿಮಿಷಗಳಲ್ಲಿ ಆ ಜಾಗ ಕಪ್ಪಾದರೆ ಕಲ್ಲು ನೀರು ಕುಡಿಯುತ್ತಿದೆ ಎಂದರ್ಥ. ಎಣ್ಣೆಯನ್ನೂ ಹಾಗೆಯೇ ಕುಡಿಯುತ್ತದೆ. ನೆಲ ಸಿದ್ಧವಾಗುವವರೆಗೆ ಅಡುಗೆಮನೆಯಲ್ಲಿ ಎಣ್ಣೆ ಚೆಲ್ಲದಂತೆ ನೋಡಿಕೊಳ್ಳಿ.

ಹಂತ 3: ತೇವ ಎಲ್ಲಿಂದ, ಇನ್ನೂ ಎಷ್ಟು

ಹೊಸ ನೆಲದ ಅರ್ಧ ದೂರುಗಳ ಬೇರು ಇಲ್ಲಿದೆ, ಆದ್ದರಿಂದ ಈ ಹಂತಕ್ಕೆ ಸಮಯ ಕೊಡಿ. ಕಲ್ಲಿನ ಕೆಳಗಿನ ಗಾರೆಯಲ್ಲಿದ್ದ ನೀರು ಹೊರಹೋಗಲು ಕಲ್ಲು ಮತ್ತು ಸಂದುಗಳನ್ನು ಬಿಟ್ಟು ಬೇರೆ ದಾರಿಯಿಲ್ಲ. ಸಿಮೆಂಟ್ ಗಾರೆಯ ಹಾಸು ಒಣಗಲು ದಿನಕ್ಕೆ ಸುಮಾರು 1 ಮಿ.ಮೀ. ಎಂಬುದು ಕಟ್ಟಡದ ಕೆಲಸದಲ್ಲಿ ರೂಢಿಯಲ್ಲಿರುವ ಅಂದಾಜು, 50 ಮಿ.ಮೀ. ದಪ್ಪದವರೆಗೆ ಇದು ಹೊಂದುತ್ತದೆ, ಅದಕ್ಕಿಂತ ದಪ್ಪವಾದರೆ ಇನ್ನೂ ನಿಧಾನ. ಅಂದರೆ 40 ಮಿ.ಮೀ. ಗಾರೆಗೆ 40 ದಿನ, ಅದೂ ಗಾಳಿಯಾಡುತ್ತಿದ್ದರೆ. ಮೇಲೆ ಕಲ್ಲು ಮುಚ್ಚಿಕೊಂಡಿದ್ದರೆ ಇನ್ನಷ್ಟು. ಎರಡು ವಾರದ ನೆಲದಲ್ಲಿ ಕಪ್ಪು ಮಚ್ಚೆ ಕಂಡರೆ ಗಾಬರಿಯಾಗಬೇಕಿಲ್ಲ.

ಪರೀಕ್ಷೆ ಹೀಗೆ ಮಾಡಿ. ಸುಮಾರು 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚನ್ನು ಗಾಳಿ ಹೋಗದಂತೆ ಅಂಟುಪಟ್ಟಿಯಿಂದ ಮುಚ್ಚಿ 24 ಗಂಟೆ ಬಿಡಿ. ಸಿಂಕಿನ ಹತ್ತಿರ ಒಂದು, ನಡುವೆ ಒಂದು, ಹೊರಗೋಡೆಯ ಬದಿಗೆ ಒಂದು. ಹಾಳೆಯ ಒಳಬದಿಗೆ ಹನಿ ಕಟ್ಟಿದ್ದರೆ ಅಥವಾ ಕೆಳಗಿನ ಕಲ್ಲು ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ನೀರು ಇನ್ನೂ ಮೇಲೇರುತ್ತಿದೆ.

ಮೂರೂ ಕಡೆ ಒಂದೇ ತೆರನಾಗಿದ್ದರೆ ಅದು ಗಾರೆಯ ನೀರು, ಕಾಯಬೇಕು. ಸಿಂಕಿನ ಬಳಿ ಮಾತ್ರ ಇದ್ದರೆ ಕೊಳಾಯಿ ಸೋರಿಕೆಯನ್ನು ಅನುಮಾನಿಸಿ: ರಾತ್ರಿ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ಓದಿಕೊಳ್ಳಿ, ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ಓದಿ. ಹೊರಗೋಡೆಯ ಬದಿಗೆ ಮಾತ್ರ ಇದ್ದು, ತಿಂಗಳುಗಟ್ಟಲೆ ಕಡಿಮೆಯಾಗದಿದ್ದರೆ ಮಣ್ಣಿನ ತೇವ ಹತ್ತುತ್ತಿರಬಹುದು. ಅದು ನೆಲದ ಕೆಳಗೆ ತೇವ ತಡೆಯುವ ಪದರ ಇಲ್ಲದಿರುವ ಅಥವಾ ಹರಿದಿರುವ ದೋಷ. ಮೇಲಿನಿಂದ ಏನು ಬಳಿದರೂ ಅದು ಹೋಗುವುದಿಲ್ಲ, ಕಟ್ಟಡ ಬಲ್ಲವರನ್ನು ಕರೆಸಿ.

ಕಾಯುವಾಗ ಕಿಟಕಿ ತೆರೆದಿಡಿ, ಫ್ಯಾನ್ ಹಾಕಿ. ನೆಲದ ಮೇಲೆ ರಟ್ಟು, ಪ್ಲಾಸ್ಟಿಕ್, ಮ್ಯಾಟ್ ಹಾಸಬೇಡಿ. ಕಾಪಾಡಲೆಂದು ಹಾಸಿದ ರಟ್ಟಿನ ಗುರುತೇ ಎಷ್ಟೋ ನೆಲಗಳ ಮೇಲೆ ಅಚ್ಚಾಗಿ ಉಳಿದಿರುತ್ತದೆ. ಬೇಗ ಒಣಗಲೆಂದು ಹೀಟರ್ ಹಾಕಿ ಒಂದು ಮೂಲೆಯನ್ನು ಸುಡುವುದೂ ಬೇಡ, ಗಾರೆ ಒಂದು ಕಡೆ ಕುಗ್ಗಿ ಬಿರುಕು ಬಿಡುತ್ತದೆ.

ತೇವದ ಜೊತೆಗೇ ಬರುವ ನಾಲ್ಕು ತೊಂದರೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಕಲ್ಲಿನ ಸುತ್ತ ಚೌಕಟ್ಟು ಕಟ್ಟಿದ ಹಾಗೆ ಅಂಚು ಮಾತ್ರ ಕಪ್ಪಾಗಿದ್ದರೆ ಗ್ರೌಟಿನ ನೀರು ಒಳಸೇರಿದೆ. ಇದು ಬಹುಪಾಲು ತಾನಾಗಿಯೇ ಒಣಗುತ್ತದೆ. ಆದರೆ ಗೋಡೆಯ ಬದಿಯಲ್ಲಿ, ಸಿಲಿಕೋನ್ (ಸಂದು ಮುಚ್ಚುವ ರಬ್ಬರಿನಂಥ ಮಸಾಲೆ) ಹಚ್ಚಿದ ಗೆರೆಯ ಉದ್ದಕ್ಕೂ ಮಾತ್ರ ಕಪ್ಪಿದ್ದು ದಿನೇ ದಿನೇ ಅಗಲವಾಗುತ್ತಿದ್ದರೆ ಅದು ಸಿಲಿಕೋನಿನ ಎಣ್ಣೆ. ಒಣಗುವುದಿಲ್ಲ. ಕೂಡಲೇ ಆ ಸಿಲಿಕೋನ್ ಕತ್ತರಿಸಿ ತೆಗೆಯಿರಿ, ಕಲೆಗೆ ಹಂತ 8ರ ಲೇಪ ಹಾಕಿ, ಆಮೇಲೆ ನೈಸರ್ಗಿಕ ಕಲ್ಲಿಗೆಂದು ಬರೆದಿರುವ ನ್ಯೂಟ್ರಲ್ ಸಿಲಿಕೋನ್ ಹಚ್ಚಿಸಿ. ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಸುಣ್ಣದ ಅಂಶದ ಕಲ್ಲಿಗೆ ಆಗದು.

ತಿಳಿ ಬಣ್ಣದ ಕಲ್ಲಿನಲ್ಲಿ ಬಾಚಣಿಗೆಯ ಗೆರೆಗಳಂತೆ ಅಥವಾ ದೊಡ್ಡ ಬೊಟ್ಟುಗಳಂತೆ ಛಾಯೆ ಕಂಡರೆ ಅದು ಕೆಳಗಿನ ಅಂಟಿನ ಆಕಾರ. ಒಣಗಿದ ಮೇಲೆ ಮಸುಕಾದರೆ ಸರಿ. ಪೂರ್ತಿ ಒಣಗಿದ ಮೇಲೂ ಉಳಿದರೆ ಬೂದು ಬಣ್ಣದ ಅಂಟು ಕಲ್ಲಿನ ಮೂಲಕ ಕಾಣುತ್ತಿದೆ ಎಂದರ್ಥ. ಆ ಕಲ್ಲುಗಳನ್ನು ಕಿತ್ತು ಬಿಳಿ ಅಂಟಿನಲ್ಲಿ ಹೊಸ ಕಲ್ಲು ಕೂರಿಸುವುದೊಂದೇ ಪರಿಹಾರ.

ಬಿಳಿ ಕಲ್ಲು ಹಳದಿಗೋ ಕಂದಿಗೋ ತಿರುಗಿದರೆ ಕಲ್ಲಿನೊಳಗಿನ ಕಬ್ಬಿಣದ ಅಂಶ ನೀರು ಕುಡಿದು ತುಕ್ಕಾಗುತ್ತಿದೆ. ಮೊದಲು ತೇವ ನಿಲ್ಲಿಸಿ. ಬ್ಲೀಚ್ ಹಾಕಬೇಡಿ. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆ್ಯಸಿಡ್ ಇರುತ್ತದೆ. ಅದು ಗ್ರಾನೈಟನ್ನೂ ತಿನ್ನುತ್ತದೆ, ಚರ್ಮದ ಮೂಲಕ ಒಳಗಿಳಿದು ಪ್ರಾಣಕ್ಕೇ ಸಂಚಕಾರ ತರಬಲ್ಲದು. ಮನೆಯಲ್ಲಿ ಅದನ್ನು ಮುಟ್ಟಲೇಬಾರದು.

ಕೊನೆಯದು, ಮೂಲೆ ಮೇಲೇಳುವುದು. ಸರ್ಪೆಂಟೈನ್ ಎಂಬ ಖನಿಜದಿಂದಾದ ಹಸಿರು ಮಾರ್ಬಲ್ ಮತ್ತು ಕೆಲವು ಸ್ಲೇಟ್‌ಗಳು ನೀರು ಬೆರೆಸಿದ ಅಂಟಿನ ಮೇಲೆ ಕೂತಾಗ ಒಣಗಿದ ಹಪ್ಪಳದ ಹಾಗೆ ಬಾಗುತ್ತವೆ. ಇವನ್ನು ಎಪಾಕ್ಸಿಯಂಥ ನೀರಿಲ್ಲದ ಅಂಟಿನಲ್ಲಿ ಹಾಸಬೇಕಿತ್ತು. ಬಾಗಿದ ಕಲ್ಲನ್ನು ಒತ್ತಿ ಕೂರಿಸಲು ಹೋದರೆ ಒಡೆಯುತ್ತದೆ.

ಹಂತ 4: ಟೊಳ್ಳು ಸದ್ದು

ಸುತ್ತಿಗೆಯನ್ನು ತಿರುಗಿಸಿ ಹಿಡಿದು ಮರದ ಹಿಡಿಯಿಂದ ಪ್ರತಿ ಕಲ್ಲನ್ನೂ ಐದು ಕಡೆ ಮೆಲ್ಲಗೆ ತಟ್ಟಿ: ನಾಲ್ಕು ಮೂಲೆ, ನಡು. ಗಟ್ಟಿ ಸದ್ದಿಗೂ ಡಬಡಬ ಸದ್ದಿಗೂ ಇರುವ ವ್ಯತ್ಯಾಸ ನಾಲ್ಕು ಕಲ್ಲು ತಟ್ಟಿದರೆ ಕಿವಿಗೆ ಹತ್ತುತ್ತದೆ. ಟೊಳ್ಳಿರುವಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ನಕ್ಷೆಯಲ್ಲೂ ಬರೆಯಿರಿ.

ಟೊಳ್ಳು ಸದ್ದು ಬಂದ ಮಾತ್ರಕ್ಕೆ ಕಲ್ಲು ಬಿಟ್ಟಿದೆ ಎಂದಲ್ಲ. ಕಲ್ಲು ಅಲುಗುತ್ತಿದೆಯೇ, ಸುತ್ತಲಿನ ಗ್ರೌಟ್ ಸೀಳಿದೆಯೇ, ಟೊಳ್ಳು ಮೂಲೆಯಲ್ಲಿದೆಯೇ ಎಂದು ನೋಡಿ. ನಡುವಿನಲ್ಲಿ ಅಂಗೈಯಗಲ ಟೊಳ್ಳಿದ್ದು ಉಳಿದದ್ದು ಗಟ್ಟಿಯಿದ್ದರೆ ನಾನು ಮುಟ್ಟುವುದಿಲ್ಲ. ಮೂಲೆ ಟೊಳ್ಳಿದ್ದರೆ ಬಿಡುವುದಿಲ್ಲ. ಭಾರದ ಪಾತ್ರೆ ಬಿದ್ದ ದಿನ ಆ ಮೂಲೆ ಮುರಿಯುತ್ತದೆ. ನೈಸರ್ಗಿಕ ಕಲ್ಲಿನ ಕೆಳಗೆ ಕನಿಷ್ಠ 95 ಶೇಕಡಾ ಜಾಗದಲ್ಲಿ ಅಂಟು ಕೂತಿರಬೇಕು ಎಂಬುದು ಅಮೆರಿಕದ ಟೈಲ್ ಕೆಲಸದ ಮಾನದಂಡ. ನಾಲ್ಕು ಮೂಲೆಗೆ ನಾಲ್ಕು ಮುದ್ದೆ, ನಡುವಿಗೊಂದು ಮುದ್ದೆ ಇಟ್ಟು ಕಲ್ಲು ಕೂರಿಸುವ ಪದ್ಧತಿ ಇದರ ಹತ್ತಿರವೂ ಬರುವುದಿಲ್ಲ.

ಒಂದೆರಡು ಕಲ್ಲಾದರೆ ಸಂದಿಯಲ್ಲಿ ಸಣ್ಣ ತೂತು ಕೊರೆದು ತೆಳುವಾದ ಎಪಾಕ್ಸಿ ತುಂಬಿಸಿ, ಗಟ್ಟಿಯಾಗುವವರೆಗೆ ಮೇಲೆ ಭಾರವಿಡಬಹುದು. ಈ ಕೆಲಸ ಕಲ್ಲಿನ ಕೆಳಗೆ ಒಣಗಿದ್ದರೆ ಮಾತ್ರ. ಸಾಲುಗಟ್ಟಲೆ ಟೊಳ್ಳಿದ್ದರೆ ತುಂಬಿಸುವ ಮಾತಿಗೆ ಒಪ್ಪಬೇಡಿ. ಒಂದು ಕಲ್ಲನ್ನು ನಿಮ್ಮ ಎದುರಿಗೇ ಎತ್ತಿಸಿ ಬೆನ್ನನ್ನು ನೋಡಿ. ಅಂಟು ನೆಲದಲ್ಲೇ ಉಳಿದು ಕಲ್ಲಿನ ಬೆನ್ನು ಸ್ವಚ್ಛವಾಗಿದ್ದರೆ, ಅಂಟು ಒಣಗಿದ ಮೇಲೆ ಕಲ್ಲು ಇಟ್ಟಿದ್ದಾರೆ, ಅಥವಾ ಕಲ್ಲಿನ ಬೆನ್ನಿಗೆ ಕಾರ್ಖಾನೆಯಲ್ಲಿ ಅಂಟಿಸಿದ ರಾಳದ ಬಲೆ ಇದೆ. ಆ ಬಲೆಯನ್ನು ಸಾಮಾನ್ಯ ಸಿಮೆಂಟ್ ಅಂಟು ಹಿಡಿಯುವುದಿಲ್ಲ. ಕಾರಣ ಗೊತ್ತಾಗದೆ ಮತ್ತೆ ಹಾಸಿದರೆ ಅದೇ ತೊಂದರೆ ಮರುಕಳಿಸುತ್ತದೆ.

ಹಂತ 5: ಏರುತಗ್ಗು

ಒಂದು ಕಲ್ಲಿನ ಅಂಚು ಪಕ್ಕದ್ದಕ್ಕಿಂತ ಎತ್ತರವಿದ್ದರೆ ಕಾಲಿಗೆ ತಡೆಯುತ್ತದೆ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ., ಇದೇ ನಿಮ್ಮ ಅಳತೆಗೋಲು. ಪಟ್ಟಿಯನ್ನು ಎತ್ತರದ ಕಲ್ಲಿನ ಮೇಲೆ ಚಾಚಿ ಹಿಡಿದು ಕೆಳಗೆ ಕಾರ್ಡ್ ತೂರಿಸಿ. ಕಾರ್ಡ್ ಬಿಗಿಯಾಗಿ ಹೋದರೆ ಒಪ್ಪಬಹುದಾದ ಮಿತಿಯಲ್ಲಿದೆ. ಎರಡು ಕಾರ್ಡ್ ಸಲೀಸಾಗಿ ಹೋದರೆ ಸರಿಪಡಿಸಲು ಕೇಳಿ. ಪದರು ಪದರಾಗಿ ಸೀಳಿದ ಒರಟು ಸ್ಲೇಟಿಗೆ ಈ ಲೆಕ್ಕ ಅನ್ವಯಿಸದು, ಅದರ ಮೈಯೇ ಏರಿಳಿತದ್ದು.

ನಯವಾದ ಕಲ್ಲನ್ನು ವಜ್ರದ ಪ್ಯಾಡಿನ ಯಂತ್ರದಲ್ಲಿ ಉಜ್ಜಿ ಸಮ ಮಾಡಬಹುದು. ಉಜ್ಜಿದ ಅಂಚಿನಲ್ಲಿ ಮಾತ್ರ ಪಾಲಿಷ್ ಬೇರೆಯಾಗಿ ಕಾಣುವುದರಿಂದ ಸಾಮಾನ್ಯವಾಗಿ ಇಡೀ ನೆಲಕ್ಕೆ ಹಂತಹಂತವಾಗಿ ಪಾಲಿಷ್ ಮಾಡಬೇಕಾಗುತ್ತದೆ, ಅದನ್ನು ಮೊದಲೇ ಮಾತಾಡಿಕೊಳ್ಳಿ. ಟೊಳ್ಳು ಕಲ್ಲುಗಳನ್ನು ಸರಿಪಡಿಸಿದ ಮೇಲೆಯೇ ಉಜ್ಜಿಸಿ. ನೀರು ಹಾಕಿಯೇ ಉಜ್ಜಬೇಕು: ಒಣ ಉಜ್ಜುವಿಕೆಯಲ್ಲಿ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಸರಿಪಡಿಸಲಾಗದಷ್ಟು ಕೆಡಿಸುತ್ತದೆ. ಉಜ್ಜಿದ ಕೆಸರನ್ನು ಸಂದಿಯಲ್ಲಿ ಒಣಗಲು ಬಿಡದೆ ಆಗಿಂದಾಗ್ಗೆ ಎತ್ತಿಸಿ. ನೆಲ ಮತ್ತೆ ನೀರು ಕುಡಿದಿರುತ್ತದೆ, ಹಂತ 3ರ ಪ್ಲಾಸ್ಟಿಕ್ ಪರೀಕ್ಷೆಯನ್ನು ಆಮೇಲೆ ಪುನಃ ಮಾಡಿ.

ಹಂತ 6: ಸಂದು ಮತ್ತು ಬಿರುಕು

ಕೀಲಿಯ ತುದಿಯಿಂದ ಗ್ರೌಟನ್ನು ಗೀಚಿ ನೋಡಿ. ಪುಡಿಪುಡಿಯಾಗಿ ಉದುರಿದರೆ ಕಲಸುವಾಗ ನೀರು ಹೆಚ್ಚಾಗಿದೆ, ಅಥವಾ ಗಟ್ಟಿಯಾಗುವ ಮೊದಲೇ ಒದ್ದೆ ಸ್ಪಂಜಿನಿಂದ ತೊಳೆದಿದ್ದಾರೆ. ಮೇಲೆ ತೆಳ್ಳಗೆ ಹೊಸ ಗ್ರೌಟ್ ಸವರಿದರೆ ಕೆಲವೇ ದಿನಗಳಲ್ಲಿ ಸಿಪ್ಪೆ ಏಳುತ್ತದೆ. ಸಂದಿನ ಆಳದ ಮೂರನೇ ಎರಡು ಭಾಗವನ್ನಾದರೂ ಕೆರೆದು ತೆಗೆದು ತುಂಬಬೇಕು. 3 ಮಿ.ಮೀ.ಗಿಂತ ಕಿರಿದಾದ ಸಂದಿಗೆ ಮರಳಿಲ್ಲದ ಗ್ರೌಟ್. ಮರಳಿನದು ಹೊಳಪಿನ ಅಮೃತಶಿಲೆಯನ್ನು ಗೀಚುತ್ತದೆ.

ಬಿರುಕು ಹೇಗೆ ಹರಿದಿದೆ ಎಂಬುದನ್ನು ಓದಿ. ಒಂದೇ ಕಲ್ಲಿನಲ್ಲಿದ್ದರೆ ಏನೋ ಬಿದ್ದಿದೆ ಅಥವಾ ಕೆಳಗೆ ಟೊಳ್ಳಿದೆ. ನಾಲ್ಕೈದು ಕಲ್ಲುಗಳನ್ನು ದಾಟಿ ಒಂದೇ ಗೆರೆಯಲ್ಲಿ ಹೋದರೆ ಕೆಳಗಿನ ಕಾಂಕ್ರೀಟ್ ಬಿರಿದಿದೆ, ಕಲ್ಲು ಬದಲಿಸಿದರೆ ಹೊಸದೂ ಬಿರಿಯುತ್ತದೆ. ಗೋಡೆಯ ಬದಿಯ ಗ್ರೌಟ್ ಮಾತ್ರ ಸೀಳಿದ್ದರೆ ನೆಲಕ್ಕೆ ಹಿಗ್ಗಲು ಜಾಗವಿಲ್ಲ. ಗೋಡೆಯ ಸುತ್ತ ಸುಮಾರು 6 ಮಿ.ಮೀ. ಖಾಲಿ ಬಿಟ್ಟು ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಕೆಳಗೆ ಮುಚ್ಚಬೇಕು, ಅಲ್ಲಿಗೆ ಗ್ರೌಟ್ ತುಂಬಬಾರದು. ದೊಡ್ಡ ಕೋಣೆಯಾದರೆ ಸುಮಾರು 6ರಿಂದ 7.5 ಮೀಟರಿಗೊಂದು, ನೇರ ಬಿಸಿಲು ಬೀಳುವ ಕಡೆ 2.5ರಿಂದ 3.5 ಮೀಟರಿಗೊಂದು ರಬ್ಬರಿನಂತೆ ಬಾಗುವ ಸಂದು ಬೇಕು. ತುಂಬಿದ ಗ್ರೌಟನ್ನು ಕತ್ತರಿಸಿ ತೆಗೆದು ಇದನ್ನು ಈಗಲೂ ಸರಿಮಾಡಿಸಬಹುದು.

ಹಂತ 7: ಬಿಳಿ ಮಬ್ಬು

ಮೂರು ಬೇರೆ ಬೇರೆ ತೊಂದರೆಗಳು ಒಂದೇ ಥರ ಕಾಣುತ್ತವೆ. ಬಿಳಿ ಪ್ಯಾಡಿನಿಂದ ಗಟ್ಟಿಯಾಗಿ ಉಜ್ಜಿದರೆ ಪುಡಿ ಬಂದು, ಆಮೇಲೆ ಮರಳದಿದ್ದರೆ ಅದು ಗ್ರೌಟಿನ ಸಿಮೆಂಟ್ ಹಾಲು ಒಣಗಿ ಕೂತ ಪೊರೆ. ಒರೆಸಿದ ಎರಡು ದಿನಕ್ಕೆ, ಸಂದುಗಳ ಉದ್ದಕ್ಕೆ ಮತ್ತೆ ಮೂಡಿದರೆ ಅದು ಗಾರೆಯ ನೀರಿನೊಡನೆ ಮೇಲೇರಿ ಬಂದ ಉಪ್ಪು. ಎಷ್ಟು ಉಜ್ಜಿದರೂ ಏನೂ ಬಾರದೆ, ಹನಿ ಅಥವಾ ಲೋಟದ ಬಳೆಯ ಆಕಾರದಲ್ಲಿದ್ದರೆ ಅದು ಹುಳಿ ತಿಂದ ಗುರುತು.

ಪೊರೆಗೆ ಮೊದಲು ಒಣ ಮೈಕ್ರೋಫೈಬರ್ ಬಟ್ಟೆ, ಆಮೇಲೆ ಬಿಸಿನೀರಿನಲ್ಲಿ ನ್ಯೂಟ್ರಲ್ ಸಾಬೂನು ಮತ್ತು ಬಿಳಿ ಪ್ಯಾಡ್. ತಾಳ್ಮೆಯಿಂದ ಎರಡು ಮೂರು ಸಲ ಮಾಡಿದರೆ ಹೆಚ್ಚಿನದು ಇಲ್ಲಿಯೇ ಮುಗಿಯುತ್ತದೆ. ಸುಣ್ಣದ ಅಂಶದ ಕಲ್ಲಾದರೆ ಇಲ್ಲಿಗೇ ನಿಲ್ಲಿ. ಉಳಿದದ್ದನ್ನು ಅಮೃತಶಿಲೆಯ ಪಾಲಿಷ್ ಪುಡಿಯಿಂದ ಪಾಲಿಷ್ ಮಾಡುವವರೇ ತೆಗೆಯಲಿ. ಹಂತ 2ರಲ್ಲಿ ಗೆದ್ದ ಕಲ್ಲಿಗೆ ಮಾತ್ರ ಸಲ್ಫಾಮಿಕ್ ಆ್ಯಸಿಡ್ ಆಧಾರದ ಸಿಮೆಂಟ್ ತೆಗೆಯುವ ದ್ರಾವಣ ಬಳಸಬಹುದು, ಅದೂ ಗ್ರೌಟ್ ಪೂರ್ತಿ ಗಟ್ಟಿಯಾದ ಮೇಲೆ. ಎಷ್ಟು ದಿನವೆಂಬುದು ಚೀಲದ ಮೇಲಿರುತ್ತದೆ. ಸಂದುಗಳಿಗೆ ಮೊದಲು ನೀರು ಕುಡಿಸಿ, ಇಲ್ಲದಿದ್ದರೆ ಗ್ರೌಟ್ ಆ್ಯಸಿಡನ್ನೇ ಕುಡಿಯುತ್ತದೆ. ಒಂದು ಚದರ ಮೀಟರ್ ಮುಗಿಸಿ, ಎರಡು ಸಲ ಶುದ್ಧ ನೀರಿನಲ್ಲಿ ತೊಳೆದು ಎತ್ತಿ, ಆಮೇಲೆ ಮುಂದಿನದಕ್ಕೆ ಹೋಗಿ. ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಯಾವ ಕಲ್ಲಿಗೂ ಬೇಡ. ಅದರ ಆವಿಗೆ ಪಕ್ಕದ ಸ್ಟೀಲ್ ಸಾಮಾನೂ ತುಕ್ಕು ಹಿಡಿಯುತ್ತದೆ. ಎಪಾಕ್ಸಿ ಗ್ರೌಟಿನ ಪೊರೆಗೆ ಆ್ಯಸಿಡ್ ನಾಟುವುದೇ ಇಲ್ಲ, ಆ ಕಂಪನಿಯ ತೆಗೆಯುವ ದ್ರಾವಣವನ್ನೇ ತರಿಸಿ.

ಉಪ್ಪಿಗೆ ನೀರು ಶತ್ರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಕರಗಿ ಮತ್ತೆ ಒಳಗಿಳಿದು ನಾಳೆ ಮೇಲೇಳುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ವ್ಯಾಕ್ಯೂಮ್‌ನಿಂದ ಎಳೆಯಿರಿ. ಗಾರೆ ಒಣಗುತ್ತ ಬಂದಂತೆ ಕಡಿಮೆಯಾಗುತ್ತ ನಿಲ್ಲುತ್ತದೆ. ನಿಲ್ಲದಿದ್ದರೆ ಹಂತ 3ಕ್ಕೆ ಹಿಂತಿರುಗಿ, ನೀರು ಎಲ್ಲಿಂದಲೋ ಬರುತ್ತಿದೆ.

ಹಂತ 8: ಕಲೆ

ಎಣ್ಣೆ ಇಳಿದು ಕಪ್ಪಾಗಿದ್ದರೆ ಲೇಪ ಹಾಕಿ ಹೊರಕ್ಕೆ ಎಳೆಯಬಹುದು. ಕೆಯೋಲಿನ್ ಜೇಡಿಮಣ್ಣಿನಂಥ ಹೀರುವ ಬಿಳಿ ಪುಡಿಯನ್ನು ಅಸಿಟೋನ್‌ನಲ್ಲಿ ಗಟ್ಟಿ ಚಟ್ನಿಯ ಹದಕ್ಕೆ ಕಲಸಿ. ಕಾಫಿ, ಹಣ್ಣಿನ ರಸದ ಕಲೆಗೆ ಅಸಿಟೋನ್ ಬದಲು ಹೈಡ್ರೋಜನ್ ಪೆರಾಕ್ಸೈಡ್. ಕಪ್ಪು ಕಲ್ಲಿಗೆ ಅದು ಬೇಡ, ಬಣ್ಣ ತೆಗೆಯಬಹುದು. ಕಲೆಗಿಂತ ಎರಡು ಸೆಂ.ಮೀ. ಆಚೆಗೂ ಬರುವಂತೆ 6ರಿಂದ 12 ಮಿ.ಮೀ. ದಪ್ಪ ಬಳಿದು, ಪ್ಲಾಸ್ಟಿಕ್ ಮುಚ್ಚಿ ಅಂಚು ಅಂಟಿಸಿ 24ರಿಂದ 48 ಗಂಟೆ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಲೇಪವನ್ನು ಪೂರ್ತಿ ಒಣಗಲು ಬಿಡಿ. ಹೆಚ್ಚಿನವರು ತಪ್ಪುವುದು ಇಲ್ಲಿ: ಒಣಗುವಾಗಲೇ ಕಲೆ ಮೇಲಕ್ಕೆ ಬರುವುದು. ಒಣಗಿದ್ದನ್ನು ಮರದ ಚಮಚದಿಂದ ಎತ್ತಿ ತೊಳೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಹಾಕಿ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಅಡುಗೆಮನೆಯಲ್ಲಿ ಒಲೆ ಆರಿಸಿ, ಕಿಟಕಿ ತೆರೆದೇ ಈ ಕೆಲಸ ಮಾಡಿ. ಬ್ಲೀಚನ್ನು ಅಮೋನಿಯಾ ಅಥವಾ ಯಾವುದೇ ಆ್ಯಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಹುಳಿ ತಿಂದ ಗುರುತು ಕಲೆಯಲ್ಲ, ಕಲ್ಲಿನ ಮೈಯೇ ಹೋಗಿರುವುದು. ಅದಕ್ಕೆ ಲೇಪ ನಾಟದು, ಪಾಲಿಷ್ ಬೇಕು.

ಹಂತ 9: ಸೀಲರ್

ಪ್ಲಾಸ್ಟಿಕ್ ಪರೀಕ್ಷೆಯಲ್ಲಿ ಮೂರೂ ಜಾಗ ಒಣಗಿ ಬಂದ ಮೇಲೆ, ಮಬ್ಬು ಮತ್ತು ಕಲೆ ಹೋದ ಮೇಲೆ ಮಾತ್ರ. ಮಬ್ಬಿನ ಮೇಲೆ ಬಳಿದರೆ ಮಬ್ಬನ್ನೇ ಸೀಲ್ ಮಾಡಿದಂತೆ. ಸೀಲರ್‌ನಲ್ಲಿ ಎರಡು ಬಗೆ: ಕಲ್ಲಿನೊಳಗೆ ಇಳಿದು ಎಣ್ಣೆ ನೀರನ್ನು ತಡೆಯುವುದು, ಮೇಲೆ ಪೊರೆ ಕಟ್ಟುವುದು. ಹೊಸ ನೆಲಕ್ಕೆ ಒಳಗಿಳಿಯುವುದನ್ನೇ ಆರಿಸಿ. ಪೊರೆಯ ಕೆಳಗೆ ತೇವ ಸಿಕ್ಕಿಕೊಂಡರೆ ಬಿಳುಪಾಗಿ ಸಿಪ್ಪೆ ಏಳುತ್ತದೆ. ಇನ್ನೊಂದು ಮಾತು, ಸೀಲರ್ ಕಲೆಯನ್ನು ತಡೆಯುತ್ತದೆ, ಹುಳಿಯನ್ನಲ್ಲ. ಸೀಲ್ ಮಾಡಿದ ಅಮೃತಶಿಲೆಯ ಮೇಲೂ ನಿಂಬೆರಸ ಗುರುತು ಬಿಡುತ್ತದೆ.

ತುಂಡುಕಲ್ಲಿನ ಮೇಲೆ ಮೊದಲು ಹಚ್ಚಿ ಬಣ್ಣ ಬದಲಾಗುವುದೇ ನೋಡಿ. ನೆಲಕ್ಕೆ ತೆಳ್ಳಗೆ ಬಳಿದು, ಡಬ್ಬಿಯಲ್ಲಿ ಹೇಳಿದಷ್ಟೇ ನಿಮಿಷ ಬಿಟ್ಟು, ಕಲ್ಲು ಕುಡಿಯದೆ ಉಳಿದದ್ದನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ. ಒರೆಸದೆ ಬಿಟ್ಟರೆ ಅಂಟಂಟಾದ ಪಟ್ಟೆಗಳಾಗುತ್ತವೆ. ಆಗಿದ್ದರೆ ಅದೇ ಸೀಲರನ್ನು ಮತ್ತೆ ಸ್ವಲ್ಪ ಸವರಿ, ಹಳೆಯದು ಮೆತ್ತಗಾದ ಕೂಡಲೇ ಉಜ್ಜಿ ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಮರುದಿನದಿಂದ ನ್ಯೂಟ್ರಲ್ ಸಾಬೂನು, ಹಿಂಡಿದ ಮಾಪ್ ಸಾಕು. ಹಬೆಯ ಮಾಪ್ ಬೇಡ. ಒಲೆ ಮತ್ತು ಸಿಂಕಿನ ಮುಂದೆ ಆಗಾಗ ನೀರಿನ ಹನಿ ಬಿಟ್ಟು ನೋಡಿ, ಕಪ್ಪಾಗತೊಡಗಿದ ದಿನ ಅಲ್ಲಿಗೆ ಮತ್ತೆ ಹಚ್ಚಿ. ಸೀಲರ್ ಡಬ್ಬಿಯ ಮೇಲೆ ಹಚ್ಚಿದ ದಿನಾಂಕ ಬರೆದು, ಉಳಿದ ತುಂಡುಕಲ್ಲು ಮತ್ತು ನಕ್ಷೆಯ ಜೊತೆ ಒಂದೇ ಕಡೆ ಎತ್ತಿಡಿ.